ಅಕ್ಷರ ಬಂತು, ಓದು ಬರಲಿಲ್ಲ: ಪುಟ್ಟ ಮಕ್ಕಳ ಕಲಿಕೆ ಬಗ್ಗೆ ಓದುಗರ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ. ಉತ್ತರ ಬರೆದವರು ಕೆಳಗಿನ ತರಗತಿಗಳಿಗೆ ಪಾಠ ಮಾಡುವ ಶಿಕ್ಷಕಿಯರು.

ಪ್ರಶ್ನೆ: ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ವರ್ಣಮಾಲೆ ಒಂದೇ ಉಸಿರಿಗೆ ಹೇಳುತ್ತಾಳೆ, ಕಾಗುಣಿತವೂ ಬಾಯಿಗೆ ಬರುತ್ತೆ. ಪುಸ್ತಕ ಕೊಟ್ಟು ಓದು ಅಂದರೆ ಮಾತ್ರ ಒಂದೊಂದೇ ಅಕ್ಷರ ಹೇಳಿ ಸುಮ್ಮನಾಗುತ್ತಾಳೆ. ಶಾಲೆಯಲ್ಲಿ ನಲಿ-ಕಲಿ ಅಂತೆ, ನೋಟ್‌ಬುಕ್ಕಿನಲ್ಲಿ ಹೆಚ್ಚೇನೂ ಬರೆಸುವುದಿಲ್ಲ. ದಿನಾ ಎರಡು ಪುಟ ಕಾಗುಣಿತ ನಾನೇ ಬರೆಸುತ್ತಿದ್ದೇನೆ. ಸರೀನಾ?
— ಗೃಹಿಣಿ, ಸಕಲೇಶಪುರ ತಾಲ್ಲೂಕು

ಉತ್ತರ: ಆ ಎರಡು ಪುಟವನ್ನು ಇವತ್ತೇ ನಿಲ್ಲಿಸಿ. ಕಾಗುಣಿತ ಬರೆಯುವಾಗ ಮಗುವಿನ ಕೈ ಓಡುತ್ತದೆ, ಕಣ್ಣು ಮೇಲಿನ ಸಾಲನ್ನು ನೋಡಿ ಇಳಿಸುತ್ತದೆ, ಕಿವಿಗೆ ಕೆಲಸವೇ ಇರುವುದಿಲ್ಲ. ನಿಮ್ಮ ಮಗಳಿಗೆ ಅಕ್ಷರ ಬರುತ್ತದೆ, ಅಕ್ಷರಗಳನ್ನು ಕೂಡಿಸುವುದು ಬರುವುದಿಲ್ಲ. ಎರಡು ಪುಟ ಬರೆದರೂ ಹತ್ತು ಪುಟ ಬರೆದರೂ ಅದು ಬರುವುದಿಲ್ಲ.

ಮೊದಲು ಅಕ್ಷರ ನಿಜವಾಗಿ ಬರುತ್ತದೆಯೇ ನೋಡಿ. ವರ್ಣಮಾಲೆಯನ್ನು ಹಾಡಿನ ಹಾಗೆ ಹೇಳುವ ಎಷ್ಟೋ ಮಕ್ಕಳು ನಡುವೆ ಬೆರಳಿಟ್ಟು ‘ಇದೇನು’ ಎಂದರೆ ಮತ್ತೆ ‘ಅ’ದಿಂದ ಶುರು ಮಾಡುತ್ತಾರೆ. ಹಳೆಯ ಲಗ್ನಪತ್ರಿಕೆಯ ಹಿಂಬದಿಯನ್ನು ಐದು ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದು ಅಕ್ಷರ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದು, ಕಲಸಿ, ಒಂದೊಂದಾಗಿ ತೋರಿಸಿ. ನೋಡಿದ ತಕ್ಷಣ ಹೇಳಿದ್ದು ಒಂದು ಕಡೆ, ಯೋಚಿಸಿ ಹೇಳಿದ್ದು ಅಥವಾ ತಪ್ಪಿದ್ದು ಇನ್ನೊಂದು ಕಡೆ. ತಪ್ಪುವ ಜೋಡಿಗಳು ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ಅವೇ: ಮ–ವ, ಪ–ಷ, ದ–ಧ, ಬ–ಭ, ನ–ಸ, ಘ–ಫ. ಒಂದು ಜೋಡಿಯ ಎರಡನ್ನೂ ಒಂದೇ ದಿನ ಹೇಳಿಕೊಡಬೇಡಿ. ಒಂದು ಗಟ್ಟಿಯಾಗಿ ನಿಂತ ಮೇಲೆ ಇನ್ನೊಂದು ಬರಲಿ.

ಇನ್ನು ಕೂಡಿಸುವುದು. ಇದು ಕಣ್ಣಿಗಿಂತ ಮೊದಲು ಕಿವಿಯಲ್ಲಿ ಆಗಬೇಕು. ಪುಸ್ತಕ ಮುಚ್ಚಿಟ್ಟು, ‘ಗರಗಸ’ ಎಂದು ಹೇಳಿ ನಾಲ್ಕು ಚಪ್ಪಾಳೆ ತಟ್ಟಿಸಿ. ‘ಗರಗಸದಲ್ಲಿ ಮೊದಲನೇ ಗ ತೆಗೆದರೆ ಏನು ಉಳಿಯುತ್ತೆ?’ ಎಂದು ಕೇಳಿ. ನೀವು ‘ಸ… ರ’ ಎಂದು ಬಿಡಿಬಿಡಿಯಾಗಿ ಹೇಳಿ, ಅವಳು ‘ಸರ’ ಎನ್ನಲಿ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಇದನ್ನು ಆಡಿಸಬಹುದು, ಐದು ನಿಮಿಷ ಸಾಕು. ನಾಲ್ಕು ದಿನದಲ್ಲಿ ಇದು ಸಲೀಸಾದರೆ ಕಾರ್ಡುಗಳಿಗೆ ಬನ್ನಿ.

ಇಲ್ಲಿ ನಲಿ-ಕಲಿಯ ಕ್ರಮವೇ ನಿಮಗೆ ಅನುಕೂಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿದ ಈ ಪದ್ಧತಿ ‘ಅ ಆ ಇ ಈ’ಯಿಂದ ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಮೊದಲ ಗುಂಪು. ಜ, ವ, ಮ, ಬ, ನ ಎರಡನೆಯದು. ಬರೀ ಐದು ಅಕ್ಷರದಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಓದಬಹುದು. ಹತ್ತಾದರೆ ಮರ, ಜನ, ಮಗ, ವನ, ಬರ, ಗಜ. ಮೊದಲ ವಾರವೇ ಮಗುವಿಗೆ ‘ನಾನು ಓದಿದೆ’ ಎನ್ನಿಸುವುದು ಇದರಿಂದ. ‘ಸ’ ಮತ್ತು ‘ರ’ ಕಾರ್ಡನ್ನು ಒಂದು ಗೇಣು ದೂರ ಇಡಿ. ಅವಳು ‘ಸ’ ಎನ್ನುತ್ತಾ, ಉಸಿರು ಕಡಿಯದೆ, ಆ ಕಾರ್ಡನ್ನು ಬೆರಳಿನಿಂದ ತಳ್ಳಿ ‘ರ’ಕ್ಕೆ ತಾಗಿಸಲಿ. ನಡುವೆ ನಿಲ್ಲಿಸಿದರೆ ಮತ್ತೆ ತಳ್ಳಿಸಿ. ನೀವು ಮೊದಲೇ ಉತ್ತರ ಹೇಳಿಬಿಡುವುದೇ ಇಲ್ಲಿ ಆಗುವ ದೊಡ್ಡ ಎಡವಟ್ಟು. ಮನಸ್ಸಿನಲ್ಲಿ ಐದು ಎಣಿಸುವವರೆಗೆ ಬಾಯಿ ಬಿಡಬೇಡಿ.

ಕಾಗುಣಿತಕ್ಕೆ ಬಂದಾಗ ‘ಕ ಕಾ ಕಿ ಕೀ’ ಎಂದು ಅಡ್ಡಡ್ಡ ಹೋಗಬೇಡಿ. ಕನ್ನಡದ 34 ವ್ಯಂಜನಗಳಿಗೆ ತಲಾ 15 ರೂಪ ಹಿಡಿದರೆ 510 ಆಯಿತು, ಒತ್ತಕ್ಷರ ಬೇರೆ. ಅಷ್ಟನ್ನೂ ಉರು ಹೊಡೆದು ಯಾರೂ ಓದು ಕಲಿಯುವುದಿಲ್ಲ. ಒಂದು ಗುರುತನ್ನು ಹಿಡಿದು, ಗೊತ್ತಿರುವ ಅಕ್ಷರಗಳಿಗೆಲ್ಲ ಹಚ್ಚಿ. ಇಳಿ ಕಲಿಸುವ ವಾರ ದಾರ, ವಾರ, ಜಾಗ, ಮಾವ. ಗುಡಿಸಿನ ವಾರ ದಿನ, ಬಿಸಿ, ನರಿ, ಮರಿ, ಗಿರಿ. ಹ್ರಸ್ವ–ದೀರ್ಘ ಕಲಸಿಕೊಂಡರೆ ಅರ್ಥ ಬದಲಾಗುವ ಜೋಡಿ ಕೊಡಿ: ಬಿಡು–ಬೀಡು, ಕುಡಿ–ಕೂಡಿ, ಕೊಡು–ಕೋಡು. ‘ಹಸುವಿಗೆ ಎರಡು ಕೊಡು’ ಎಂದು ಓದಿದರೆ ಅವಳಿಗೇ ನಗು ಬರಬೇಕು. ‘ಪು’ ಮತ್ತು ‘ವು’ಗಳಲ್ಲಿ ಕೊಂಬು ಕೆಳಕ್ಕೆ ಇಳಿದು ಸುತ್ತುತ್ತದೆ. ಬೇರೆ ಅಕ್ಷರಗಳಿಗೆ ಹಚ್ಚಿದಂತೆ ಪಕ್ಕಕ್ಕೆ ಹಚ್ಚಿದರೆ ‘ವು’ ಬರೆಯಲು ಹೋಗಿ ‘ಮ’ ಆಗಿಬಿಡುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಎರಡನ್ನೂ ದೊಡ್ಡದಾಗಿ ಬರೆದು ತೋರಿಸುವುದು ಸುಲಭ.

ಒತ್ತಕ್ಷರದಲ್ಲಿ ಎರಡು ಕಡೆ ಮಕ್ಕಳು ಸಿಕ್ಕಿಕೊಳ್ಳುತ್ತಾರೆ. ಮೊದಲನೆಯದು ಆಕಾರ. ಹೆಚ್ಚಿನ ಒತ್ತುಗಳು ತಲೆಕಟ್ಟು ತೆಗೆದ ಅದೇ ಅಕ್ಷರ: ಅಕ್ಕ, ಅಪ್ಪ, ಅಜ್ಜ, ಹಬ್ಬ, ಹಳ್ಳ, ಬೆಟ್ಟ. ಇವುಗಳಿಂದ ಶುರು ಮಾಡಿ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ, ಹಾಗಾಗಿ ಅತ್ತೆ, ಅನ್ನ, ಅಮ್ಮ, ಹಲ್ಲು ಆಮೇಲೆ ಬರಲಿ. ‘ಅಮ್ಮ’ ಪುಸ್ತಕದಲ್ಲಿ ಮೊದಲ ಪಾಠಕ್ಕೇ ಬಂದರೂ ಮಗು ಅದನ್ನು ಓದುತ್ತಿಲ್ಲ, ಚಿತ್ರದ ಹಾಗೆ ಗುರುತು ಹಿಡಿಯುತ್ತಿದೆ. ಎರಡನೆಯದು ಕ್ರಮ. ‘ಅಕ್ಕಿ’ಯಲ್ಲಿ ಗುಡಿಸು ಕೂತಿರುವುದು ಮೇಲಿನ ಅಕ್ಷರದ ಮೇಲೆ, ಅದು ಉಚ್ಚಾರವಾಗುವುದು ಕೆಳಗಿನ ಒತ್ತಿನ ಜೊತೆ. ಕಂಡ ಕ್ರಮದಲ್ಲೇ ಓದಿದ ಮಗು ‘ಅಕಿಕ’ ಎನ್ನುತ್ತದೆ. ‘ಮೇಲಿನದು ಅರ್ಧ, ಕೆಳಗಿನದು ಪೂರ್ತಿ’ ಎಂದು ಹೇಳಿಕೊಟ್ಟು, ‘ಅಕ್’ ಎಂದು ಗಂಟಲಲ್ಲಿ ತಡೆದು ‘ಕಿ’ ಬಿಡುವುದನ್ನು ಮಾಡಿಸಿ. ಬೇರೆ ಬೇರೆ ಅಕ್ಷರ ಸೇರುವ ಚಂದ್ರ, ಪುಸ್ತಕ, ವಿದ್ಯೆಯಂಥವು ಎರಡನೇ ತರಗತಿಯ ಕೊನೆಗೂ ತಡವರಿಸಿದರೆ ಗಾಬರಿ ಬೇಡ. ಕನ್ನಡದಲ್ಲಿ ಇದು ಮೂರು, ನಾಲ್ಕನೇ ತರಗತಿಯವರೆಗೂ ನಡೆಯುವ ಕಲಿಕೆ.

ಬರೆಸುವುದೇ ಇಲ್ಲವೇ ಎಂದರೆ, ಬರೆಸಿ. ಓದಿದ ಮೂರು ಪದವನ್ನು ನೀವು ಹೇಳಿ, ಅವಳು ನೋಡದೆ ಸ್ಲೇಟಿನಲ್ಲಿ ಬರೆಯಲಿ. ನೋಡಿ ಬರೆದ ಎರಡು ಪುಟಕ್ಕಿಂತ ನೋಡದೆ ಬರೆದ ಮೂರು ಪದ ಹೆಚ್ಚು. ಒಟ್ಟು ಇಪ್ಪತ್ತು ನಿಮಿಷ ಮೀರಿಸಬೇಡಿ.

ನಲಿ-ಕಲಿ ಬಗ್ಗೆ ಒಂದು ಮಾತು. ಅಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಕಾ ಏಣಿಯಲ್ಲಿ ಹತ್ತುತ್ತಾ ಹೋಗುತ್ತಾರೆ, ನೋಟ್‌ಬುಕ್ ತುಂಬದಿರುವುದು ಅದರ ಲಕ್ಷಣ. ಶಾಲೆಗೆ ಹೋದಾಗ ‘ಮಗಳು ಯಾವ ಮೈಲಿಗಲ್ಲಿನಲ್ಲಿದ್ದಾಳೆ?’ ಎಂದು ಕೇಳಿ, ಪ್ರತಿ ಮಗು ಎಲ್ಲಿಗೆ ಬಂದಿದೆ ಎಂದು ಗುರುತಿಸುವ ಪ್ರಗತಿನೋಟದಲ್ಲಿ ತೋರಿಸುತ್ತಾರೆ. ಮನೆಯಲ್ಲಿ ಅಲ್ಲಿಂದಲೇ ಮುಂದುವರಿಸಿ.

ಪ್ರಶ್ನೆ: ಒಂದನೇ ತರಗತಿ ಮಗಳು 29 ಆದ ಮೇಲೆ ‘ಇಪ್ಪತ್ತಹತ್ತು’ ಅನ್ನುತ್ತಾಳೆ. ಇಪ್ಪತ್ತಮೂರು ಬರಿ ಅಂದರೆ 203 ಬರೆಯುತ್ತಾಳೆ. ಎರಡನೇ ತರಗತಿಯಲ್ಲಿರುವ ಅಣ್ಣ 42ರಲ್ಲಿ 17 ಕಳೆದರೆ 35 ಅನ್ನುತ್ತಾನೆ. ಲೆಕ್ಕವೇ ತಲೆಗೆ ಹತ್ತದ ಮಕ್ಕಳಾ?
— ಪೋಷಕರು, ಚಿಕ್ಕಮಗಳೂರು

ಉತ್ತರ: ಮೂರೂ ತಪ್ಪು ಬುದ್ಧಿವಂತ ತಪ್ಪುಗಳು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಆದ ಮೇಲೆ ‘ಇಪ್ಪತ್ತಹತ್ತು’ ಎಂದವಳು ನಿಯಮ ಹಿಡಿದಿದ್ದಾಳೆ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ. 203 ಬರೆದವಳು ಕಿವಿಗೆ ಕೇಳಿದ್ದನ್ನೇ ಬರೆದಿದ್ದಾಳೆ: ಇಪ್ಪತ್ತು, ಆಮೇಲೆ ಮೂರು. ಅಣ್ಣ ಬಿಡಿಯ ಮನೆಯಲ್ಲಿ 2ರಿಂದ 7 ಹೋಗುವುದಿಲ್ಲ ಎಂದು 7ರಿಂದ 2 ಕಳೆದಿದ್ದಾನೆ. ಮೂರಕ್ಕೂ ಕಾರಣ ಒಂದೇ. ‘ಹತ್ತು ಬಿಡಿ ಸೇರಿದರೆ ಒಂದು ಕಟ್ಟು’ ಎಂಬುದು ಇನ್ನೂ ಕೈಗೆ ಸಿಕ್ಕಿಲ್ಲ.

ತೆಂಗಿನ ಗರಿಯ ಕಡ್ಡಿಪೊರಕೆಯಿಂದ ಬೆರಳುದ್ದದ 100 ಕಡ್ಡಿ ಕತ್ತರಿಸಿ, ತುದಿ ಉಜ್ಜಿ ನಯ ಮಾಡಿ, ಹತ್ತು ರಬ್ಬರ್ ಬ್ಯಾಂಡ್ ಇಟ್ಟುಕೊಳ್ಳಿ. ಮಗಳು ಒಂದೊಂದಾಗಿ ಎಣಿಸುತ್ತಾ ಹತ್ತಾದ ಕೂಡಲೇ ತಾನೇ ರಬ್ಬರ್ ಹಾಕಲಿ. ನೀವು ಕಟ್ಟಿ ಕೊಟ್ಟರೆ ಏನೂ ಆಗುವುದಿಲ್ಲ, ಕಟ್ಟುವುದರಲ್ಲೇ ಪಾಠ ಇರುವುದು. ಎರಡು ಕಟ್ಟು, ಒಂಬತ್ತು ಬಿಡಿ ಇರುವಾಗ ಇನ್ನೊಂದು ಕಡ್ಡಿ ಕೊಟ್ಟು ಸುಮ್ಮನಿರಿ. ಬಿಡಿ ಹತ್ತಾಯಿತು, ಕಟ್ಟಿದಳು, ಮೂರು ಕಟ್ಟಾಯಿತು. ‘ಮೂವತ್ತು’ ಎಂಬ ಹೆಸರನ್ನು ಆಗ ಹೇಳಿ. 39, 49, 59ರ ದಾಟುಗಳಲ್ಲೂ ಹೀಗೇ.

203ಕ್ಕೆ ಕಾರ್ಡು ಮಾಡಿ. ಹತ್ತರ ಕಾರ್ಡುಗಳು (10, 20, 30…) ಎರಡು ಚೌಕದಷ್ಟು ಅಗಲ, ಬಿಡಿ ಕಾರ್ಡು (1ರಿಂದ 9) ಒಂದೇ ಚೌಕ. 20ರ ಕಾರ್ಡಿನ ಸೊನ್ನೆಯ ಮೇಲೆ 3ರ ಕಾರ್ಡನ್ನು ಕೂರಿಸಿದರೆ 23. ಎತ್ತಿ ನೋಡಿದರೆ ಕೆಳಗೆ ಸೊನ್ನೆ ಇದೆ. ‘ಮೂರು ಬಂದು ಸೊನ್ನೆಯ ಜಾಗದಲ್ಲಿ ಕೂತಿತು’ ಎಂದು ಅವಳೇ ಹೇಳುವವರೆಗೂ ಕೂರಿಸಿ, ಎತ್ತಿಸಿ. ಎರಡು ಚೌಕಗಳ ಅಳತೆ ಸರಿಯಾಗಿರಬೇಕು, ಇಲ್ಲವಾದರೆ ಸೊನ್ನೆ ಇಣುಕುತ್ತದೆ.

ಕಳೆಯುವುದಕ್ಕೆ: 42 ಎಂದರೆ ನಾಲ್ಕು ಕಟ್ಟು, ಎರಡು ಬಿಡಿ. ‘ನನಗೆ 17 ಕೊಡು’ ಎಂದು ಕೈ ಚಾಚಿ. ಏಳು ಬಿಡಿ ಇಲ್ಲ. ಏನು ಮಾಡುತ್ತಾನೆ ನೋಡಿ, ಹೇಳಬೇಡಿ. ಒಂದು ಕಟ್ಟು ಬಿಚ್ಚಿದರೆ ಮೂರು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟು ಒಂದು ಕಟ್ಟು ಕೊಟ್ಟರೆ ಎರಡು ಕಟ್ಟು, ಐದು ಬಿಡಿ ಉಳಿಯಿತು. ಇದನ್ನು ಹತ್ತಾರು ಸಲ ಕೈಯಲ್ಲಿ ಮಾಡಿದ ಮೇಲೆ ‘ದಶಕದಿಂದ ತಗೊಳ್ಳುವುದು’ ಎಂಬ ಗೆರೆ ಹಾಕುವ ವಿಧಾನ ತೋರಿಸಿ. ಉಲ್ಟಾ ಮಾಡಿದರೆ, ಅಂದರೆ ಗೆರೆ ಮೊದಲು ಕಡ್ಡಿ ಆಮೇಲೆ ಎಂದರೆ, ಮಕ್ಕಳು ಬೇಕಿಲ್ಲದ ಕಡೆಯೂ ಸಾಲ ತೆಗೆಯುತ್ತಾರೆ.

ಇಂಗ್ಲಿಷ್‌ನಲ್ಲಿ ಲೆಕ್ಕ ಕಲಿಯುವ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕನ್ನಡದ ‘ಹದಿಮೂರು’ ಹತ್ತನ್ನು ಮೊದಲು ಹೇಳುತ್ತದೆ. ‘ಥರ್ಟೀನ್’ನಲ್ಲಿ ಮೂರು ಮೊದಲು ಕೇಳುತ್ತದೆ, ಆದ್ದರಿಂದ 31 ಬರೆಯುತ್ತಾರೆ. ಥರ್ಟೀನ್–ಥರ್ಟಿ ಗೊಂದಲ ಬೇರೆ. ಅಂಥ ಮಗುವಿಗೆ ಎಣಿಕೆಯನ್ನು ಮನೆಯಲ್ಲಿ ಕನ್ನಡದಲ್ಲಿ ಗಟ್ಟಿ ಮಾಡಿ, ಹನ್ನೊಂದರಿಂದ ಹತ್ತೊಂಬತ್ತರ ಇಂಗ್ಲಿಷ್ ಹೆಸರನ್ನು ಮಾತ್ರ ಪ್ರತ್ಯೇಕವಾಗಿ ಕಲಿಸಿ.

ಮಗ್ಗಿಯ ಬಗ್ಗೆ ಕೇಳಿದವರಿಗೆ: 2, 5, 10 ಮೊದಲು. ಒಂದು ವಾರ ಸಾಲಾಗಿ, ಎರಡನೇ ವಾರದಿಂದ ಅಡ್ಡಾದಿಡ್ಡಿ ಕೇಳಿ. ‘ಐದೇಳ್ಲ’ ಎಂದರೆ ‘ಐದೊಂದ್ಲ’ದಿಂದ ಹತ್ತಿ ಬರುವ ಮಗುವಿಗೆ ಮಗ್ಗಿ ಇನ್ನೂ ಬಂದಿಲ್ಲ.

ಪ್ರಶ್ನೆ: ನಾವಿಬ್ಬರೂ ಕನ್ನಡ ಮೀಡಿಯಂ. ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ, ಒಂದನೇ ತರಗತಿ. ಹೋಂವರ್ಕ್ ನಮಗೇ ಅರ್ಥವಾಗುವುದಿಲ್ಲ. ಟ್ಯೂಷನ್‌ಗೆ ಹಾಕಬೇಕಾ?
— ಅಂಗಡಿ ನಡೆಸುವವರು, ಅರಸೀಕೆರೆ

ಉತ್ತರ: ಒಂದನೇ ತರಗತಿಗೆ ಟ್ಯೂಷನ್ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಇಡೀ ದಿನ ಶಾಲೆಯಲ್ಲಿ ಕೂತು ಬಂದ ಆರು ವರ್ಷದ ಮಗುವನ್ನು ಸಂಜೆ ಮತ್ತೆ ಹದಿನೈದು ಮಕ್ಕಳ ಜೊತೆ ಕೂರಿಸಿದರೆ ಹೋಂವರ್ಕ್ ಮುಗಿಯುತ್ತದೆ, ಅಷ್ಟೇ. ಎಷ್ಟೋ ಕಡೆ ಬರೆದು ಮುಗಿಸುವುದಕ್ಕೆ ಸಹಾಯ ಮಾಡುವುದನ್ನೇ ಟ್ಯೂಷನ್ ಎನ್ನುತ್ತಾರೆ.

ನಿಮಗೆ ಇಂಗ್ಲಿಷ್ ಬಾರದಿದ್ದರೂ ಮಾಡಬಹುದಾದದ್ದು ಇದೆ. ಪಾಠ ಓದಿಸಿ, ‘ಇದರಲ್ಲಿ ಏನಾಯಿತು, ಕನ್ನಡದಲ್ಲಿ ಹೇಳು’ ಎನ್ನಿ. ಹೇಳಲಾಗದಿದ್ದರೆ ಅವನು ಓದಿದ್ದು ಬರೀ ಸದ್ದು. ಅದೇ ಪಾಠದ ನಾಲ್ಕು ಪದಗಳ ಅರ್ಥ ತಿಳಿದುಕೊಂಡು ಬಾ ಎಂದು ಮರುದಿನ ಟೀಚರ್ ಹತ್ತಿರ ಕಳಿಸಿ. ಪದವನ್ನು ‘ಸಿ ಎ ಟಿ ಕ್ಯಾಟ್’ ಎಂದು ಉರು ಹೊಡೆಯುತ್ತಿದ್ದರೆ, ಅಕ್ಷರದ ಹೆಸರಿನ ಬದಲು ಸದ್ದು ಕೇಳಿ: ಕ್–ಆ್ಯ–ಟ್. ಕನ್ನಡದಲ್ಲಿ ಅಕ್ಷರದ ಹೆಸರೂ ಸದ್ದೂ ಒಂದೇ. ಇಂಗ್ಲಿಷ್‌ನಲ್ಲಿ ಬೇರೆ ಬೇರೆ. ಹೆಸರು ಕೂಡಿಸಿದರೆ ಪದ ಬರುವುದಿಲ್ಲ ಎಂಬುದು ಮಕ್ಕಳಿಗೆ ಯಾರೂ ಹೇಳದ ಗುಟ್ಟು.

ಕನ್ನಡ ಓದನ್ನು ‘ಎರಡನೇ ಭಾಷೆ, ಆಮೇಲೆ ನೋಡೋಣ’ ಎಂದು ಬಿಡಬೇಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಮಾಧ್ಯಮ ಯಾವುದಿದ್ದರೂ ಕನ್ನಡ ಕಲಿಸಲೇಬೇಕು. ಅದಕ್ಕಿಂತ ಮುಖ್ಯ, ಮನೆಮಾತಿನಲ್ಲಿ ಓದು ಬಂದ ಮಗುವಿಗೆ ‘ಗೆರೆಗಳು ಸದ್ದಾಗುತ್ತವೆ, ಸದ್ದು ಅರ್ಥವಾಗುತ್ತದೆ’ ಎಂಬುದು ಒಮ್ಮೆ ಹೊಳೆದರೆ ಇಂಗ್ಲಿಷಿಗೂ ಅದೇ ದಾರಿ. ಸಂಜೆ ಅಂಗಡಿಯಲ್ಲೇ ಇರುತ್ತಾನಾದರೆ ಬಿಸ್ಕತ್ತು, ಸೋಪಿನ ಪೊಟ್ಟಣಗಳ ಮೇಲಿನ ಎರಡೂ ಭಾಷೆಯ ಹೆಸರು ಓದಿಸಿ, ಚಿಲ್ಲರೆ ಎಣಿಸಲಿ. ಟ್ಯೂಷನ್‌ನಲ್ಲಿ ಇದು ಸಿಗುವುದಿಲ್ಲ.

ಪ್ರಶ್ನೆ: ಎರಡನೇ ತರಗತಿ ಮಗನಿಗೆ ಶಾಲೆಯಿಂದ ದಿನಾ ಮೂರು ಪುಟ ಬರೆಯುವ ಕೆಲಸ. ಒಂದೂವರೆ ಗಂಟೆ ಹಿಡಿಯುತ್ತದೆ, ಕೈ ನೋವು ಅಂತ ಅಳುತ್ತಾನೆ. ಸೋಮಾರಿತನವೋ ನಿಜವೋ?
— ಹಾಸನ

ಉತ್ತರ: ಪುಸ್ತಕದ ಹಾಳೆ ತಿರುಗಿಸಿ, ಹಿಂಬದಿಯನ್ನು ಬೆರಳಿನಿಂದ ಸವರಿ. ಅಕ್ಷರಗಳು ಉಬ್ಬಿ ಕೈಗೆ ತಾಗಿದರೆ ಅವನು ಅತಿಯಾಗಿ ಒತ್ತಿ ಬರೆಯುತ್ತಿದ್ದಾನೆ, ನೋವು ನಿಜ. ಎಚ್‌ಬಿ ಬದಲು 2ಬಿ ಪೆನ್ಸಿಲ್ ಕೊಡಿ, ಮೆಲ್ಲಗೆ ಬರೆದರೂ ಕಪ್ಪಾಗಿ ಮೂಡುತ್ತದೆ. ಹಾಳೆಯ ಕೆಳಗೆ ನಾಲ್ಕು ಮಡಿಕೆ ನ್ಯೂಸ್ ಪೇಪರ್ ಇಟ್ಟರೆ ಒತ್ತಿದಾಗ ಹಾಳೆ ತೂತಾಗುತ್ತದೆ, ಕೈ ತಾನೇ ಹಗುರಾಗುತ್ತದೆ. ಪೆನ್ಸಿಲ್ಲನ್ನು ತುದಿಯಿಂದ ಎರಡು ಬೆರಳಗಲ ಮೇಲೆ, ಹೆಬ್ಬೆರಳು–ತೋರುಬೆರಳುಗಳ ನಡುವೆ ಹಿಡಿದು ಮಧ್ಯದ ಬೆರಳಿನ ಮೇಲೆ ಒರಗಿಸಬೇಕು. ಮುಷ್ಟಿಯಲ್ಲಿ ಹಿಡಿಯುತ್ತಿದ್ದರೆ ಬೆರಳುದ್ದದ ತುಂಡು ಪೆನ್ಸಿಲ್ ಕೊಡಿ, ಅದನ್ನು ಮುಷ್ಟಿಯಲ್ಲಿ ಹಿಡಿಯಲಾಗುವುದಿಲ್ಲ. ಕುರ್ಚಿಯಲ್ಲಿ ಕೂತು ಕಾಲು ನೇತಾಡುತ್ತಿದ್ದರೆ ಕೆಳಗೆ ಒಂದು ಮಣೆ ಇಡಿ.

ಬೆರಳಿಗೆ ಬಲ ಬರುವುದು ಬರೆಯುವುದರಿಂದಲೇ ಅಲ್ಲ. ಅವರೆ ಕಾಲದಲ್ಲಿ ನೆನೆಸಿದ ಕಾಳು ಹಿತುಕಿ ಬೇಳೆ ಮಾಡಲು ಮಗನನ್ನೂ ಕೂರಿಸಿಕೊಳ್ಳಿ. ಹೆಬ್ಬೆರಳು–ತೋರುಬೆರಳ ಅದೇ ಹಿಡಿತ ಪೆನ್ಸಿಲ್ಲಿಗೂ ಬೇಕು. ಚಪಾತಿ ಹಿಟ್ಟು ನಾದುವುದು, ಬಟ್ಟೆಗೆ ಕ್ಲಿಪ್ ಹಾಕುವುದು, ಹೂ ಪೋಣಿಸುವುದು ಇವೂ ಆಗುತ್ತವೆ.

ಮೂರು ಪುಟದ ವಿಷಯಕ್ಕೆ ಬಂದರೆ, 2019ರಲ್ಲಿ ಶಾಲಾ ಬ್ಯಾಗಿನ ತೂಕದ ಬಗ್ಗೆ ರಾಜ್ಯ ಸರ್ಕಾರ ಹೊರಡಿಸಿದ ಸುತ್ತೋಲೆ ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡಬಾರದು ಎನ್ನುತ್ತದೆ. ಆ ತರಗತಿಗಳ ಬ್ಯಾಗು 1.5ರಿಂದ 2 ಕಿಲೋ ಮೀರಬಾರದು ಎಂದೂ ಹೇಳುತ್ತದೆ. ಅದನ್ನು ಹಿಡಿದುಕೊಂಡು ಜಗಳಕ್ಕೆ ಹೋಗುವುದಕ್ಕಿಂತ ಡೈರಿಯಲ್ಲಿ ಹೀಗೆ ಬರೆದು ಸಹಿ ಹಾಕಿ: ‘20 ನಿಮಿಷ ಬರೆದಿದ್ದಾನೆ, ಇಷ್ಟು ಸಾಲು ಮುಗಿಯಿತು, ಕೈ ನೋವಿನಿಂದ ನಿಲ್ಲಿಸಿದ್ದೇನೆ.’ ಒಂದು ವಾರ ಬಿಡದೆ ಬರೆಯಿರಿ. ಉಳಿದದ್ದನ್ನು ನೀವೇ ಬರೆದು ಮುಗಿಸಿ ಕಳಿಸಬೇಡಿ, ಟೀಚರ್‌ಗೆ ನಿಜಸ್ಥಿತಿ ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಮೊಮ್ಮಗ ಎಡಗೈಯಲ್ಲಿ ಬರೆಯುತ್ತಾನೆ. ಈಗಲೇ ಬಲಗೈಗೆ ತಿರುಗಿಸಬಹುದಲ್ಲ?
— ಅಜ್ಜಿ, ಬೇಲೂರು

ಉತ್ತರ: ಬೇಡ ಅಜ್ಜಿ. ಕೈ ಬದಲಿಸಿದರೆ ಬರವಣಿಗೆ ನಿಧಾನವಾಗುತ್ತದೆ, ಅಕ್ಷರ ಕೆಡುತ್ತದೆ, ಮಗು ಬರೆಯುವುದನ್ನೇ ತಪ್ಪಿಸಿಕೊಳ್ಳತೊಡಗುತ್ತದೆ. ಊಟ, ಪ್ರಸಾದಕ್ಕೆ ಬಲಗೈ ಎಂದು ಹೇಳಿಕೊಡಿ, ಪೆನ್ಸಿಲ್ಲಿಗೆ ಬೇಡ. ಪುಸ್ತಕದ ಮೇಲ್ತುದಿ ಸ್ವಲ್ಪ ಬಲಕ್ಕೆ ವಾಲಿರಲಿ, ಪೆನ್ಸಿಲ್ ತುದಿಯಿಂದ ಮೂರು ಬೆರಳಗಲ ಮೇಲೆ ಹಿಡಿಯಲಿ. ಆಗ ಬರೆದದ್ದು ಕೈಗೆ ಮರೆಯಾಗುವುದಿಲ್ಲ, ಅಳಿಸಿಯೂ ಹೋಗುವುದಿಲ್ಲ. ಶಾಲೆಯಲ್ಲಿ ಬೆಂಚಿನ ಎಡತುದಿಗೆ ಕೂರಿಸಲು ಹೇಳಿ.

ಪ್ರಶ್ನೆ: ನಮ್ಮ ತಾಂಡಾದಲ್ಲಿ ಮನೆಮಾತು ಲಂಬಾಣಿ. ಮನೆಯಲ್ಲೂ ಕನ್ನಡದಲ್ಲೇ ಮಾತಾಡಿ ಅಂತ ಶಾಲೆಯಲ್ಲಿ ಹೇಳಿದರು. ಅತ್ತಿಗೆಗೆ ಓದು ಬರಹ ಬರುವುದಿಲ್ಲ, ಕಾಫಿ ಕುಯ್ಲಿನ ಸಮಯ ತೋಟದ ಕೆಲಸಕ್ಕೆ ಹೋಗಿ ರಾತ್ರಿ ಸುಸ್ತಾಗಿ ಬರುತ್ತಾರೆ. ಅವರ ಮಗುವಿಗೆ ಯಾರು ಹೇಳಿಕೊಡಬೇಕು?
— ಕಡೂರು ತಾಲ್ಲೂಕು

ಉತ್ತರ: ಮನೆಮಾತನ್ನು ಬಿಡಬೇಕಿಲ್ಲ, ಬಿಡಲೂಬಾರದು. ತಾಯಿ ತನಗೆ ಅರೆಬರೆ ಬರುವ ಕನ್ನಡದಲ್ಲಿ ನಾಲ್ಕು ಮಾತಾಡುವುದಕ್ಕಿಂತ ಲಂಬಾಣಿಯಲ್ಲಿ ಪೂರ್ತಿ ಕಥೆ ಹೇಳಿದರೆ ಮಗುವಿನ ಮಾತು, ನೆನಪು, ಕಾರಣ ಹುಡುಕುವ ಬುದ್ಧಿ ಬೆಳೆಯುತ್ತವೆ. ಕನ್ನಡ ಪದಗಳನ್ನು ಅದರ ಜೊತೆಗೆ ಸೇರಿಸುತ್ತಾ ಹೋದರಾಯಿತು: ದಿನಕ್ಕೆ ಮೂರು ವಸ್ತು, ಎರಡು ಭಾಷೆಯ ಹೆಸರು. ಶಾಲೆಯವರ ಕಾಳಜಿ ಸರಿ, ಹೇಳಿದ ದಾರಿ ಸರಿಯಲ್ಲ. ತುಳು, ತಮಿಳು ಮಾತಾಡುವ, ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳಿಗೂ ಇದೇ ಮಾತು. ಹಾಗೆಯೇ ‘ಹಾಲು’ ಎನ್ನಲು ‘ಆಲು’ ಎನ್ನುವ ಕನ್ನಡದ ಮಕ್ಕಳಿಗೂ. ಬರೆಯುವಾಗ ‘ಹ’ ಬರುತ್ತದೆ ಎಂದು ತೋರಿಸಿ, ಮಾತನ್ನು ಹೀಯಾಳಿಸಬೇಡಿ.

ಓದು ಬಾರದ ತಾಯಿಯೂ ಮಗು ಓದುತ್ತಿದೆಯೋ ನಟಿಸುತ್ತಿದೆಯೋ ಕಂಡುಹಿಡಿಯಬಹುದು. ಮಗು ಬೆರಳಿಟ್ಟು ಓದಲಿ. ಬಾಯಿ ನಿಂತಾಗ ಬೆರಳೂ ನಿಲ್ಲಬೇಕು, ಬೆರಳು ಸಾಲು ಮುಗಿಸುವ ಮೊದಲೇ ಬಾಯಿ ಮುಗಿಸಿದರೆ ಅದು ಕಂಠಪಾಠ. ಚಿತ್ರದ ಮೇಲೆ ಕೈ ಮುಚ್ಚಿ ಓದಿಸಿ. ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಿ. ತಡವರಿಸಿದರೆ ಆ ಪುಟಕ್ಕೆ ಒಂದು ಗುರುತು ಹಾಕಿ ಶಾಲೆಗೆ ಕಳಿಸಿದರೆ ಸಾಕು, ತಿದ್ದುವುದು ಶಿಕ್ಷಕರ ಕೆಲಸ.

ರಾತ್ರಿ ಒಂಬತ್ತರ ಮೇಲೆ ಕೂರಿಸಬೇಡಿ. ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಒಲೆ ಮುಂದೆ ಹತ್ತು ನಿಮಿಷ ಸಿಕ್ಕರೆ ಅದೇ ಆಗುತ್ತದೆ. ಕುಯ್ಲಿಗೆ ಬೇರೆ ಊರಿಗೆ ಹೋಗಿ ಉಳಿಯುವುದಾದರೆ ಮಾತ್ರ ಮೊದಲೇ ಶಾಲೆಗೆ ತಿಳಿಸಿ, ಅಲ್ಲಿಯ ಹತ್ತಿರದ ಸರ್ಕಾರಿ ಶಾಲೆಗೆ ಮಗುವನ್ನು ಕಳಿಸಿ. ಎರಡು ತಿಂಗಳು ತಪ್ಪಿದ ಒಂದನೇ ತರಗತಿಯ ಮಗುವಿಗೆ ಓದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಪುಸ್ತಕ ಕೊಳ್ಳಲಾಗದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗಿನ ಹೆಸರು ಅರಿವು ಕೇಂದ್ರ, ಕೇಳಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಫೋನ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಹಂತಹಂತವಾಗಿ ಉಚಿತವಾಗಿ ಸಿಗುತ್ತವೆ, ಮೊದಲ ಹಂತದಿಂದ ತೆಗೆಯಿರಿ.

ಪ್ರಶ್ನೆ: ಮಳೆ ರಜೆ ವಾರಗಟ್ಟಲೆ. ಕರೆಂಟೂ ಇರುವುದಿಲ್ಲ. ಕಲಿತದ್ದೆಲ್ಲ ಮರೆತುಹೋಗುತ್ತೆ.
— ಕಳಸ

ಉತ್ತರ: ಹೊಸದೇನೂ ಹೇಳಿಕೊಡಬೇಡಿ. ಹಗಲು ಬೆಳಕಿನಲ್ಲಿ ಹತ್ತು ನಿಮಿಷ ಗಟ್ಟಿಯಾಗಿ ಓದು, ಹತ್ತು ಪದ ನೋಡದೆ ಬರೆಯುವುದು, ಅಷ್ಟು ಸಾಕು. ಮೂರನೇ ತರಗತಿಯ ಮಗುವಾದರೆ ಮಳೆಯನ್ನೇ ಅಳೆಸಿ. ಬಾಯಿ, ತಳ ಒಂದೇ ಅಗಲದ ನೇರ ಡಬ್ಬಿಯನ್ನು ಮರದ ಹನಿ ಬೀಳದ ಬಯಲಿನಲ್ಲಿ ಇಟ್ಟು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲ್ ಅದ್ದಿ ಮಿಲಿಮೀಟರ್ ಬರೆದು ಚೆಲ್ಲಲಿ. ಕುತ್ತಿಗೆ ಕಿರಿದಾದ ಬಾಟಲಿ ಆಗುವುದಿಲ್ಲ, ಅಳತೆ ತಪ್ಪುತ್ತದೆ. ಪಕ್ಕದ ತೋಟದವರು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಟ್ಟಿರುತ್ತಾರೆ, ಹೋಲಿಸಿ ನೋಡಬಹುದು. ಒಂದು ಇಂಚಿಗೆ ನೂರು ಸೆಂಟ್ಸ್, ಹೆಚ್ಚುಕಡಿಮೆ 25 ಮಿಲಿಮೀಟರ್.

ಪ್ರಶ್ನೆ: ಮಗ ಮೂರನೇ ತರಗತಿ ಮುಗಿಸುತ್ತಿದ್ದಾನೆ. ಮಾತು ಚುರುಕು, ಲೆಕ್ಕ ಬಾಯಲ್ಲಿ ಮಾಡುತ್ತಾನೆ. ಓದು, ಬರಹ ಮಾತ್ರ ಒಂದನೇ ತರಗತಿ ಮಟ್ಟದಲ್ಲಿದೆ. ನೀವು ಹೇಳುವಂಥದ್ದನ್ನೆಲ್ಲ ಒಂದು ವರ್ಷದಿಂದ ಮಾಡಿದ್ದೇವೆ.
— ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಕಾಯುವುದು ಸಾಕು, ಪರೀಕ್ಷೆ ಮಾಡಿಸಿ. ಮೊದಲು ಕಣ್ಣು ಮತ್ತು ಕಿವಿ. ಪುಸ್ತಕವನ್ನು ಮುಖದ ಹತ್ತಿರ ಹಿಡಿಯುತ್ತಾನಾ, ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡುತ್ತಾನಾ, ಬೆನ್ನಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುವುದಿಲ್ಲವಾ ಗಮನಿಸಿ. ಸರ್ಕಾರಿ, ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಬರುತ್ತದೆ. ಆ ದಿನ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಿ, ತೊಂದರೆಯನ್ನು ಮುಂಚೆಯೇ ಶಿಕ್ಷಕರಿಗೆ ಹೇಳಿಡಿ.

ಎರಡೂ ಸರಿ ಇದ್ದರೆ ಕಲಿಕಾ ನ್ಯೂನತೆ ಇರಬಹುದು. ಇದು ದಡ್ಡತನವಲ್ಲ, ನಿಮ್ಮ ಮಗನಂತೆ ಮಾತಿನಲ್ಲಿ ಚುರುಕಾಗಿರುವವರಲ್ಲೂ ಇರುತ್ತದೆ. ಎಂಟು ವರ್ಷ ದಾಟಿದ ಮೇಲೆ ಇದನ್ನು ಖಚಿತವಾಗಿ ಹೇಳಲು ಬರುತ್ತದೆ, ಹಾಗಾಗಿ ಈಗ ಸರಿಯಾದ ಹೊತ್ತು. ನಿಮಗೆ ಹತ್ತಿರದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಮಾತು, ಕೇಳುವಿಕೆ, ಓದು ಬರಹದ ತೊಂದರೆ ಮೂರನ್ನೂ ಅಲ್ಲಿ ನೋಡುತ್ತಾರೆ, ಕನ್ನಡದಲ್ಲೇ ಪರೀಕ್ಷೆ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇನ್ನೊಂದು. ವರದಿಯಲ್ಲಿ ನ್ಯೂನತೆ ಇದೆ ಎಂದು ಬಂದರೆ ಬೇಸರಪಟ್ಟು ಬೀರುವಿನಲ್ಲಿ ಇಡಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದನ್ನೂ ಸೇರಿಸಲಾಗಿದೆ, ಮುಂದೆ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿ ಕೇಳಲು ಆ ಕಾಗದ ಬೇಕಾಗುತ್ತದೆ.

ಹೋಗುವಾಗ ಈ ವರ್ಷದ ಮತ್ತು ಹಿಂದಿನ ವರ್ಷದ ಒಂದೊಂದು ನೋಟ್‌ಬುಕ್, ಅವನು ನೋಡದೆ ಬರೆದ ಒಂದು ಪುಟ ಉಕ್ತಲೇಖನ (ತಿದ್ದದೆ, ಅಳಿಸದೆ), ಕಣ್ಣು–ಕಿವಿ ಪರೀಕ್ಷೆಯ ಚೀಟಿ, ತರಗತಿ ಶಿಕ್ಷಕರಿಂದ ನಾಲ್ಕು ಸಾಲಿನ ಪತ್ರ ತೆಗೆದುಕೊಂಡು ಹೋಗಿ. ಹುಟ್ಟಿದಾಗಿನ ತೂಕ, ಮಾತು ಬಂದ ವಯಸ್ಸು, ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ತೊಂದರೆ ಇತ್ತೇ ಎಂಬುದನ್ನೂ ಕೇಳುತ್ತಾರೆ, ಮನೆಯ ಹಿರಿಯರನ್ನು ವಿಚಾರಿಸಿ ಬರೆದಿಟ್ಟುಕೊಳ್ಳಿ. ಪರೀಕ್ಷೆ ಒಂದೇ ದಿನಕ್ಕೆ ಮುಗಿಯದಿರಬಹುದು, ಬೆಳಗಿನ ಮೊದಲ ಬಸ್ಸಿಗೋ ರೈಲಿಗೋ ಹೊರಡಿ. ಮಗನಿಗೆ ಹೊಟ್ಟೆ ತುಂಬಿಸಿ ಕರೆದೊಯ್ಯಿರಿ; ಹಸಿದ ಮಗು ಬಲ್ಲದ್ದನ್ನೂ ಬರೆಯುವುದಿಲ್ಲ.